ಹಾಜರಿ ಕೂಗಿದಾಗ ಕೈ ಎತ್ತುವ ಮಗು



ಈ ದತ್ತಿ ಕಾರ್ಯಕ್ರಮದಲ್ಲಿ ಶಿಕ್ಷಣದ ಬಗ್ಗೆ ಏನಾದರೂ ಮಾತಾಡಿ ಎಂದು ನನ್ನನ್ನು ಕೇಳಿದರು. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳಿಗೆ ವಿಷಯಕ್ಕೆ ಬರವಿಲ್ಲ. ಆದರೂ ನಾನು ಆರಿಸಿಕೊಂಡಿರುವುದು ಒಬ್ಬನೇ ಹುಡುಗನ ಸಂಗತಿ. ಮಾತು ಸರಿಯಾಗಿ ಬಾರದ ಮಗುವಿನ ಚಿಕಿತ್ಸೆಗೆ ಶಾಲೆ ಹಣ ಕೊಡಬೇಕೆ ಅನ್ನುವ ಪ್ರಶ್ನೆ ನನಗೆ ಎದುರಾದದ್ದು ಅವನಿಂದ. ಕೊಡಬೇಕು ಅನ್ನುವುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಯಾತಕ್ಕೆ ಕೇಳಬೇಕು, ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದನ್ನು ಇವತ್ತು ಬಿಡಿಸಿ ಹೇಳುತ್ತೇನೆ.

2018ರ ಜೂನ್ ತಿಂಗಳು. ಮೂರನೇ ತರಗತಿಯ ಹಾಜರಿ ನಾನೇ ತೆಗೆದುಕೊಳ್ಳುತ್ತಿದ್ದೆ. ಹೆಸರು ಕೂಗಿದರೆ ಮಕ್ಕಳು ‘ಪ್ರೆಸೆಂಟ್ ಮಿಸ್’ ಅನ್ನುತ್ತಿದ್ದರು. ಒಬ್ಬ ಹುಡುಗ ಮಾತ್ರ ಕೈ ಎತ್ತುತ್ತಿದ್ದ. ಹುಟ್ಟುವಾಗಲೇ ಅವನಿಗೆ ತುಟಿಯೂ ಅಂಗುಳವೂ ಸೀಳಿದ್ದವು. ಶಸ್ತ್ರಚಿಕಿತ್ಸೆ ಆಗಿತ್ತು, ಅದೂ ಉಚಿತವಾಗಿ. ತುಟಿಯ ಮೇಲೆ ತೆಳ್ಳಗೆ ಒಂದು ಗೆರೆ ಬಿಟ್ಟರೆ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಬಾಯಿ ತೆರೆದರೆ ಮಾತೆಲ್ಲ ಮೂಗಿನಿಂದ ಬರುತ್ತಿತ್ತು. ಅವನ ಹೆಸರೇ ‘ಪ’ ಅಕ್ಷರದಿಂದ ಶುರುವಾಗುವಂಥದ್ದು. ‘ಪ್ರೆಸೆಂಟ್’ ಅನ್ನುವ ಮಾತೂ ‘ಪ’ದಿಂದಲೇ. ದಿನದ ಮೊದಲ ಐದು ನಿಮಿಷದಲ್ಲೇ ಆ ಮಗುವಿಗೆ ತನ್ನಿಂದಾಗದ ಅಕ್ಷರ ಎದುರು ನಿಲ್ಲುತ್ತಿತ್ತು.

ನಾನು ಅವನಿಗೆ ಕೈ ಎತ್ತಲು ಬಿಟ್ಟೆ. ಗಟ್ಟಿಯಾಗಿ ಓದುವ ಸರದಿ ಬಂದಾಗ ಅವನನ್ನು ದಾಟಿ ಪಕ್ಕದವನನ್ನು ಎಬ್ಬಿಸಿದೆ. ಅದು ಕರುಣೆ ಎಂದು ತಿಳಿದಿದ್ದೆ. ಒಂದು ಪೂರ್ತಿ ಅರ್ಧವರ್ಷ ಆ ಹುಡುಗ ನನ್ನ ತರಗತಿಯಲ್ಲಿ ಒಂದು ವಾಕ್ಯವನ್ನೂ ಆಡದೆ ಕಳೆದ. ಅವನ ಗಣಿತದ ಪುಸ್ತಕ ಅಚ್ಚುಕಟ್ಟಾಗಿತ್ತು, ಅದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದೆ. ಇದನ್ನು ಈ ವೇದಿಕೆಯಲ್ಲಿ ಹೇಳುವುದು ಕಷ್ಟ. ಆದರೆ ಇಲ್ಲಿರುವ ಶಿಕ್ಷಕರಲ್ಲಿ ಹಲವರು ಇವತ್ತೂ ಹಾಗೇ ಮಾಡುತ್ತಿರುತ್ತೀರಿ, ಅದಕ್ಕೇ ಹೇಳುತ್ತಿದ್ದೇನೆ.

ಅವರಪ್ಪ ಒಂದು ದಿನ ಬಂದರು. ಭತ್ತದ ಗದ್ದೆಯಿಂದ ನೇರ ಬಂದದ್ದು, ಕಾಲಲ್ಲಿ ಕೆಸರಿತ್ತು. “ಮಿಸ್, ನನ್ನೂ ಅಮ್ಮ ಅಂತಾನೆ ಕಣ ಮಿಸ್” ಅಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ವಾಕ್ ಚಿಕಿತ್ಸಕರು ಬಿಡಿಸಿ ಹೇಳಿದರು. ‘ಪ’, ‘ಬ’, ‘ತ’, ‘ದ’ ಹೇಳಬೇಕಾದರೆ ಉಸಿರು ಬಾಯಲ್ಲಿ ಒಂದು ಚಣ ಒತ್ತಿ ನಿಂತು ಸಿಡಿಯಬೇಕು. ಅಂಗುಳದ ಹಿಂಭಾಗ ಮೂಗಿನ ದಾರಿಯನ್ನು ಮುಚ್ಚಿದರೆ ಮಾತ್ರ ಹಾಗೆ ನಿಲ್ಲುತ್ತದೆ. ಮುಚ್ಚದಿದ್ದರೆ ಉಸಿರು ಮೂಗಿಗೆ ಸೋರಿ ‘ಪ’ ಹೋಗಿ ‘ಮ’ದ ಹಾಗೆ ಕೇಳುತ್ತದೆ, ‘ಅಪ್ಪ’ ‘ಅಮ್ಮ’ ಆಗುತ್ತದೆ. ಸೀಳನ್ನು ಹೊಲಿದರೂ ಮಗು ಆಗಲೇ ಕಲಿತುಬಿಟ್ಟ ರೂಢಿ ತಾನಾಗಿ ಹೋಗುವುದಿಲ್ಲ. ಬಾಯಲ್ಲಿ ಆಡಿಸಬೇಕಾದ ವ್ಯಂಜನವನ್ನು ಗಂಟಲಲ್ಲಿ ತಡೆದು ಆಡಿಸುವ ಅಭ್ಯಾಸ ಬೆಳೆದಿರುತ್ತದೆ. ಅದನ್ನು ಬಿಡಿಸಿ ಹೊಸದಾಗಿ ಕಲಿಸಬೇಕು. ಅದು ಕತ್ತರಿಯ ಕೆಲಸವಲ್ಲ, ಕಲಿಸುವವರ ಕೆಲಸ. ಶಸ್ತ್ರಚಿಕಿತ್ಸೆಗೆ ದಾನಿಗಳಿದ್ದಾರೆ, ಶಿಬಿರಗಳಿವೆ, ಮುಂಚಿನ ಮತ್ತು ಆಮೇಲಿನ ಮುಖದ ಫೋಟೋ ಇದೆ. ಆಮೇಲಿನ ಎರಡು ವರ್ಷದ ಕಲಿಕೆಗೆ ಫೋಟೋ ಇಲ್ಲ. ದಾನಿಗಳೂ ಕಡಿಮೆ.

ಊರಿನವರ ಮಾತು ನಿಮಗೆ ಗೊತ್ತೇ ಇದೆ. ಗಂಡುಮಕ್ಕಳಿಗೆ ಮಾತು ತಡ. ಅವರ ತಾತನೂ ಐದು ವರ್ಷಕ್ಕೆ ಬಾಯಿಬಿಟ್ಟದ್ದು. ಬಜೆ ತೇಯ್ದು ನಾಲಿಗೆಗೆ ಸವರಿ, ದೇವರಿಗೆ ಹರಕೆ ಕಟ್ಟಿಕೊಳ್ಳಿ. ಮಗು ದೊಡ್ಡದಾದ ಮೇಲೆ ಹೆಸರಿನ ಬದಲು ‘ಉಗ್ಗ’, ‘ಮೂಗ’ ಅನ್ನುವ ಅಡ್ಡಹೆಸರು ಅಂಟಿಕೊಳ್ಳುತ್ತದೆ, ಮದುವೆಯ ಮಾತುಕತೆಯ ತನಕ ಅದು ಹಿಂದೆಯೇ ಬರುತ್ತದೆ. 2011ರ ಜನಗಣತಿ ದೇಶದಲ್ಲಿ ಮಾತಿನ ತೊಂದರೆ ಇರುವವರನ್ನು ಸುಮಾರು 20 ಲಕ್ಷ ಎಂದೂ ಶ್ರವಣದ ತೊಂದರೆ ಇರುವವರನ್ನು ಸುಮಾರು 50 ಲಕ್ಷ ಎಂದೂ ಎಣಿಸಿತು. ಗಣತಿಗೆ ನಾನೂ ಮನೆಮನೆ ತಿರುಗಿದ್ದೇನೆ. ‘ನಿಮ್ಮನೇಲಿ ಯಾರಿಗಾದರೂ ಮಾತಿನ ತೊಂದರೆ ಇದೆಯಾ’ ಎಂದು ಹೊಸ್ತಿಲಲ್ಲಿ ನಿಂತು ಕೇಳಿದರೆ ಬರುವ ಉತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಭಾಗ್ಯವಿದೆ. ಕಿವುಡ ಮತ್ತು ಅಂಧ ಮಕ್ಕಳಿಗೆಂದು ಮೈಸೂರಿನಲ್ಲಿ 1901ರಲ್ಲೇ ಶಾಲೆ ಶುರುವಾಯಿತು, ತಿಲಕನಗರದಲ್ಲಿ ಇವತ್ತೂ ಇದೆ. ತಾಯಿ ಮಗು ಇಬ್ಬರೂ ಒಟ್ಟಿಗೆ ಕೂತು ಮಾತು ಕಲಿಯುವ, ಕಿವುಡು ಮಕ್ಕಳ ಪೋಷಕರೇ ಕಟ್ಟಿದ ಶಾಲೆಯೂ ಆ ಊರಿನಲ್ಲಿದೆ. ಎಲ್ಲಕ್ಕಿಂತ ದೊಡ್ಡದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ನಮ್ಮ ಜನ ಅದನ್ನು ‘ಸ್ಪೀಚ್ ಅಂಡ್ ಹಿಯರಿಂಗ್’ ಅನ್ನುತ್ತಾರೆ, ಓದಿದವರು ‘ಆಯಿಷ್’ ಅನ್ನುತ್ತಾರೆ. 1965ರಲ್ಲಿ ಹುಟ್ಟಿದ್ದು. ಜಾಗ ಕೊಟ್ಟವರು ಜಯಚಾಮರಾಜ ಒಡೆಯರು. 1966ರ ಜುಲೈನಲ್ಲಿ ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಿದವರು, ಒಂದು ಕಾಲದಲ್ಲಿ ಇದೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದ ರಾಷ್ಟ್ರಪತಿ ರಾಧಾಕೃಷ್ಣನ್. 2025ರಲ್ಲಿ ವಜ್ರಮಹೋತ್ಸವಕ್ಕೂ ರಾಷ್ಟ್ರಪತಿಗಳೇ ಬಂದರು. ಕನ್ನಡದ ಮಗು ಯಾವ ಉಚ್ಚಾರಣೆಯಲ್ಲಿ ಎಡವುತ್ತದೆ ಎಂದು ಅಳೆಯುವ ಕನ್ನಡದ್ದೇ ಪರೀಕ್ಷೆ 1970ರ ದಶಕದ ಆರಂಭದಲ್ಲೇ ಸಿದ್ಧವಾಯಿತು. ದೇಶದ ಉಳಿದ ಭಾಗದವರು ರಾತ್ರಿಯೆಲ್ಲ ರೈಲಿನಲ್ಲಿ ಕೂತು ಅಲ್ಲಿಗೆ ಬರುತ್ತಾರೆ. ಕೆ.ಆರ್. ನಗರದ ಕಡೆಯ ನಮಗೆ ನಲವತ್ತು ಚಿಲ್ಲರೆ ಕಿಲೋಮೀಟರು.

ಈ ನಲವತ್ತು ಕಿಲೋಮೀಟರಿನ ಲೆಕ್ಕವನ್ನು ಆ ಹುಡುಗನ ತಾಯಿ ನನಗೆ ಕಲಿಸಿದಳು. ಚಿಕಿತ್ಸೆಗೆ ವಾರಕ್ಕೆ ಎರಡು ಸಲ ಬನ್ನಿ ಎಂದು ಆ ಸಂಸ್ಥೆಯವರು ಹೇಳಿದ್ದರು. ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಬೆಳಗಿನ ಕೆಲಸ ಮುಗಿಸಿ, ಹಸುವಿಗೆ ಹುಲ್ಲು ಹಾಕಿ, ಊರಿನಿಂದ ಕೆ.ಆರ್. ನಗರಕ್ಕೆ ಒಂದು ಬಸ್ಸು. ಅಲ್ಲಿಂದ ಬಿಳಿಕೆರೆ, ಇಲವಾಲದ ಮೇಲೆ ಮೈಸೂರಿಗೆ ಇನ್ನೊಂದು. ಹುಣಸೂರು ರಸ್ತೆಯಲ್ಲೇ ಇಳಿದು ಆಟೊ. ಮುಕ್ಕಾಲು ಗಂಟೆಯ ಪಾಠಕ್ಕೆ ಇಡೀ ಹಗಲು ಹೋಗುತ್ತಿತ್ತು. ಅವಳ ಕೂಲಿ ಹೋಯಿತು, ಮಗುವಿನ ಶಾಲೆ ಹೋಯಿತು, ಆ ದಿನದ ಹಾಜರಿಗೆ ನಾನು ಗೈರು ಎಂದು ಬರೆದೆ. ಸಂಸ್ಥೆಯ ಶುಲ್ಕ ದೊಡ್ಡ ತೊಡಕೇ ಆಗಿರಲಿಲ್ಲ. ‘ಹಣ ಬೇಕು’ ಅಂದಾಗ ಎಲ್ಲರೂ ಚಿಕಿತ್ಸಕರ ಫೀಸು ಎಂದುಕೊಳ್ಳುತ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಹಣ ಬೇಕಾಗಿರುವುದು ಬಸ್ಸಿಗೆ, ತಾಯಿಯ ಆ ದಿನದ ಕೂಲಿಗೆ, ಮತ್ತೆ ಶಾಲೆಯಲ್ಲಿ ಅಭ್ಯಾಸ ಮುಂದುವರಿಸುವ ಒಬ್ಬರಿಗೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಹಾಕಿದ ತಿಂಗಳುಗಳಲ್ಲಿ ಮನೆ ಬಿಟ್ಟು ಹೊರಡುವುದು ಹೇಗೆ? ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಬರುವವರಿಗೆ ಮೊದಲ ಬಸ್ಸು ಸಿಗುವ ಹೊತ್ತಿಗೆ ಅರ್ಧ ಬೆಳಿಗ್ಗೆ ಕಳೆದಿರುತ್ತದೆ. ಎರಡು ತಿಂಗಳು ಹೋಗಿ ಮೂರನೆಯ ತಿಂಗಳು ನಿಲ್ಲಿಸಿದವರನ್ನು ‘ತಂದೆತಾಯಿಗೆ ಆಸಕ್ತಿ ಇಲ್ಲ’ ಎಂದು ಕಡತದಲ್ಲಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ. ಅದರ ಬಗ್ಗೆ ಯಾರು ಏನೇ ಅನ್ನಲಿ, ಚಿಕಿತ್ಸೆಗೆ ಮಗುವನ್ನು ಕರೆದೊಯ್ಯುವ ತಾಯಿಯ ಪಾಲಿಗೆ ಅರ್ಧ ಬೆಟ್ಟ ಕರಗಿತು. ಉಳಿದರ್ಧ ಕೂಲಿ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಆಯಿಷ್ ಹಳ್ಳಿಗಳ ಕಡೆಯೂ ಕೆಲವು ಕೇಂದ್ರ ತೆರೆದಿದೆ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿ, ನಮಗೆ ತೀರ ಹತ್ತಿರದ ಅಕ್ಕಿಹೆಬ್ಬಾಳಿನ ಪ್ರಾಥಮಿಕ ಆರೋಗ್ಯ ಕೇಂದ್ರ. ಮೈಸೂರಿನಿಂದ ಹಾಸನದ ಕಡೆ ಹೋಗುವ ರೈಲಿನಲ್ಲಿ ಕೆ.ಆರ್. ನಗರ ದಾಟಿದರೆ ಸಿಗುವ ಊರು ಅದು. ಆದರೆ ಅದು ಮಂಡ್ಯ ಜಿಲ್ಲೆ, ಕೆ.ಆರ್. ಪೇಟೆ ತಾಲ್ಲೂಕು. ಗಡಿಯಾಚೆ ಅನ್ನುವ ಒಂದೇ ಕಾರಣಕ್ಕೆ ನಮ್ಮ ಕಡೆಯ ಶಾಲೆಗಳ ತಿಳಿವಿಗೆ ಅದು ಬಂದೇ ಇಲ್ಲ. ಅಲ್ಲಿ ಯಾವ ದಿನ ಯಾವ ಸೇವೆ ಎಂದು ಮೊದಲು ಫೋನು ಮಾಡಿ ಕೇಳಿ, ಆಮೇಲೆ ಮಗುವನ್ನು ಕರೆದುಕೊಂಡು ಹೋಗಿ.

ಈಗ ಹಣದ ಮಾತಿಗೆ ಬರುತ್ತೇನೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3500 ರೂಪಾಯಿ ತನಕ ಲೆಕ್ಕ ಹಾಕಿದ್ದಾರೆ. ಹೆಣ್ಣುಮಗುವಾದರೆ ಅದಲ್ಲದೆ ತಿಂಗಳಿಗೆ 200ರಂತೆ ಹತ್ತು ತಿಂಗಳು ಪ್ರೋತ್ಸಾಹಧನ. ಈ ಹಣದಲ್ಲಿ ಸಾರಿಗೆ ಭತ್ಯೆ ಇದೆ, ಜೊತೆಗೆ ಬರುವವರಿಗೆ ಬೆಂಗಾವಲು ಭತ್ಯೆ ಇದೆ, ಸಾಧನ ಸಲಕರಣೆ ಇದೆ, ಚಿಕಿತ್ಸಾ ಸೇವೆಯೂ ಇದೆ. ವಾರಕ್ಕೆ ಎರಡು ಸಲದಂತೆ ಹತ್ತು ತಿಂಗಳಿಗೆ ಎಂಬತ್ತು ಪ್ರಯಾಣ ಎಂದಿಟ್ಟುಕೊಳ್ಳಿ. ಪೂರ್ತಿ 3500 ಬೇರೆ ಯಾವುದಕ್ಕೂ ಹೋಗದೆ ಮಗುವಿನ ಕೈಗೇ ಬಂದರೂ ಒಂದು ಪ್ರಯಾಣಕ್ಕೆ 44 ರೂಪಾಯಿಗೂ ಕಡಿಮೆ. ಹಾಗಂತ ಅದನ್ನು ಬಿಡಬೇಡಿ. ಅದು ಮಗುವಿನ ಹೆಸರಿನಲ್ಲಿರುವ ಹಣ. ಮಗು ಗುರುತಾಗದಿದ್ದರೆ ಅದೂ ಇಲ್ಲ. ಗುರುತಿಸುವವರು ತರಗತಿಯ ಶಿಕ್ಷಕರು. ಎನ್‌ಸಿಇಆರ್‌ಟಿಯವರು 2022ರಲ್ಲಿ ‘ಪ್ರಶಸ್ತ್’ ಎಂಬ ಆ್ಯಪ್ ಕೊಟ್ಟಿದ್ದಾರೆ. ಶಿಕ್ಷಕರು ಅದರ ಪ್ರಶ್ನೆಗಳಿಗೆ ಉತ್ತರ ತುಂಬಿದರೆ ಮುಂದಿನ ಹಂತ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ, ಅಂದರೆ ಬಿಆರ್‌ಸಿಯ ವಿಶೇಷ ಶಿಕ್ಷಕರದು, ನಾವು ಬಿಐಇಆರ್‌ಟಿ ಅನ್ನುವವರದು.

ಇನ್ನೊಂದು ಗಂಟು ಗ್ರಾಮ ಪಂಚಾಯಿತಿಯಲ್ಲಿದೆ. ಸ್ವಂತ ಆದಾಯದಲ್ಲಿ ನೂರಕ್ಕೆ ಐದರಷ್ಟನ್ನು ಅಂಗವಿಕಲರಿಗೆಂದು ತೆಗೆದಿಡಬೇಕು. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅದು ಯಾವುದಕ್ಕೆ ಖರ್ಚಾಗಿದೆ ಎಂದು ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇರುವ ಮಕ್ಕಳಿಗಾದರೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ತನಕ ರಕ್ಷಣೆ ಇದ್ದು, ಅದರಲ್ಲಿ ಥೆರಪಿಯ ಖರ್ಚೂ ಸೇರುತ್ತದೆ. ನಮ್ಮ ಹುಡುಗನಿಗೆ ಅದು ಅನ್ವಯಿಸುತ್ತಿರಲಿಲ್ಲ.

ಅವನ ವಿಷಯದಲ್ಲಿ ನಾನು ಮೊದಲು ಹೋದ ಕಡೆ ಒಬ್ಬರು, “ಇದು ಆಸ್ಪತ್ರೆ ವಿಷಯ ಮೇಡಂ, ಶಾಲೆಗೇನು ಸಂಬಂಧ?” ಅಂದರು. ಆಮೇಲೆ ಹೋದ ಕಡೆ, “ಶಾಲೆಗೆ ಹೋಗೋ ಮಗು ತಾನೆ, ನಿಮ್ಮ ಇಲಾಖೆಯೋರೇ ನೋಡಬೇಕು” ಅಂದರು. ಎರಡು ಮೇಜುಗಳ ನಡುವೆ ಮಗು ಬಿದ್ದುಹೋಗುವುದು ಹೀಗೆ. ಆ ರಾತ್ರಿ ನಾನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದೆ. ಅದು ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ನಾನು ಓದಿದ್ದು ಅದಾಗಿ ಒಂದೂವರೆ ವರ್ಷದ ಮೇಲೆ.

ಅದರ 16ನೇ ಸೆಕ್ಷನ್ ಸರ್ಕಾರದ ಹಣ ಪಡೆಯುವ ಶಾಲೆಗಳಿಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಾಲೆಗಳಿಗೂ ಅನ್ವಯಿಸುತ್ತದೆ. ಅಂದರೆ ಹಳದಿ ವ್ಯಾನು ಕಳಿಸುವ ಖಾಸಗಿ ಇಂಗ್ಲಿಷ್ ಮಾಧ್ಯಮದ ಶಾಲೆಗೂ. ಅಂಗವೈಕಲ್ಯವಿರುವ ಮಗುವಿನ ಓದಿಗೂ, ಮಗು ನಾಲ್ಕು ಜನರೊಡನೆ ಬೆರೆಯುವುದಕ್ಕೂ ಆ ಮಗುವಿಗೇ ತಕ್ಕಂತೆ ಬೇಕಾದ ಬೆಂಬಲ ಒದಗಿಸಬೇಕು ಅನ್ನುತ್ತದೆ. ಸಾರಿಗೆ ಒದಗಿಸಬೇಕು, ಹೆಚ್ಚಿನ ಬೆಂಬಲ ಬೇಕಾದ ಮಗುವಾದರೆ ಜೊತೆಗಾರರಿಗೂ ಒದಗಿಸಬೇಕು ಅನ್ನುತ್ತದೆ. ‘ಸ್ಪೀಚ್ ಥೆರಪಿ’ ಅನ್ನುವ ಪದ ಆ ಸೆಕ್ಷನ್ನಿನಲ್ಲಿ ಇಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮಾತಾಡಲಾಗದೆ ಕೂತ ಮಗುವಿಗೆ ಮಾತು ಕಲಿಸುವುದಕ್ಕಿಂತ ಬೇರೆ ಯಾವುದನ್ನು ಬೆಂಬಲವೆಂದು ಕರೆಯಬೇಕು?

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ‘ಮಾತು ಮತ್ತು ಭಾಷೆಯ ವೈಕಲ್ಯ’ ಇದೆ. ಆದರೆ ಅದರ ವಿವರಣೆ ಗಂಟಲಿನ ಧ್ವನಿಪೆಟ್ಟಿಗೆ ತೆಗೆದವರು, ಮೆದುಳಿಗೆ ಪೆಟ್ಟಾಗಿ ಭಾಷೆ ಕಳೆದುಕೊಂಡವರಂಥ ಶಾಶ್ವತ ಸ್ಥಿತಿಗಳ ಸುತ್ತ ಬರೆದದ್ದು. ಉಗ್ಗುವ ಮಗು, ತಡವಾಗಿ ಮಾತು ಬಂದ ಮಗು ಅದರೊಳಗೆ ಸುಲಭವಾಗಿ ಕೂರುವುದಿಲ್ಲ. ಶೇಕಡ 40ರ ಅಂಗವೈಕಲ್ಯದ ಪ್ರಮಾಣಪತ್ರ ತನ್ನಿ, ಆಮೇಲೆ ನೋಡೋಣ ಎಂದು ಕಳಿಸಿಬಿಡುತ್ತಾರೆ. 18 ವರ್ಷದ ತನಕ ಉಚಿತ ಶಿಕ್ಷಣ ಕೊಡುವ 31ನೇ ಸೆಕ್ಷನ್ನಿಗೆ ಆ ನಲವತ್ತು ಬೇಕು, ನಿಜ. 16ನೇ ಸೆಕ್ಷನ್ ನಲವತ್ತನ್ನು ಕೇಳುವುದಿಲ್ಲ. ದೀರ್ಘಕಾಲದ ತೊಂದರೆಯೊಂದು ಸುತ್ತಲಿನ ಅಡ್ಡಿಗಳ ಜೊತೆ ಸೇರಿ ಮಗುವನ್ನು ಉಳಿದವರ ಸಮಕ್ಕೆ ನಿಲ್ಲಗೊಡದಿದ್ದರೆ ಸಾಕು ಎಂದೇ ನಾನು ಅದನ್ನು ಓದುತ್ತೇನೆ. ನಾನು ವಕೀಲಳಲ್ಲ, ಆದರೆ ಹಾಗೆ ಓದಬಾರದು ಎಂದು ಇದುವರೆಗೆ ಯಾರೂ ಕಾರಣ ಕೊಟ್ಟು ಹೇಳಿಲ್ಲ. 2017ರ ನಿಯಮಗಳ ಪ್ರಕಾರ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಈ ಮಕ್ಕಳ ವಿಷಯಕ್ಕೇ ಒಬ್ಬ ನೋಡಲ್ ಅಧಿಕಾರಿ ಇರಬೇಕು. ನೆರವು ಕೇಳಿ ನೀವು ಬರೆಯುವ ಅರ್ಜಿಯ ಒಂದು ಪ್ರತಿ ಅವರಿಗೂ ಹೋಗಲಿ. ಅದೂ ಸಾಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ.

2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಿಗೆ ವಿಶೇಷ ಶಿಕ್ಷಕರನ್ನು ನೇಮಿಸುವ ಬಗ್ಗೆ ಗಟ್ಟಿಯಾಗಿ ಹೇಳಿತು. ಮರುವರ್ಷ ಕೇಂದ್ರ ಸರ್ಕಾರ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಎಂದು ನಿಗದಿ ಮಾಡಿತು. ಒಳ್ಳೆಯದೇ. ಆದರೆ ವಿಶೇಷ ಶಿಕ್ಷಕರು ವಾಕ್ ಚಿಕಿತ್ಸಕರಲ್ಲ. ಒಂದು ತಾಲ್ಲೂಕಿನ ಬಿಆರ್‌ಸಿಗೆ ಒಬ್ಬ ವಾಕ್ ಚಿಕಿತ್ಸಕರು ವಾರದಲ್ಲಿ ಎರಡು ದಿನ ಬಂದು ಕೂತರೆ ಎಷ್ಟು ತಾಯಂದಿರ ಎಷ್ಟು ಹಗಲು ಉಳಿಯುತ್ತದೆ! ಅಧಿಕಾರಿಗಳನ್ನು ನಾನು ಕೇಳುವುದು ಅದೊಂದನ್ನೇ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿದ್ದಾನೆ. ಅವನ ಮಗಳಿಗೆ ಮಾತು ತಡವಾದಾಗ ಅಲ್ಲಿನ ಸರ್ಕಾರಿ ಶಾಲೆಯವರು ತಂದೆತಾಯಿಯನ್ನು ಕೂರಿಸಿಕೊಂಡು, ವಾರಕ್ಕೆ ಎಷ್ಟು ನಿಮಿಷ ಚಿಕಿತ್ಸೆ, ವರ್ಷದ ಕೊನೆಗೆ ಮಗು ಏನೇನು ಹೇಳಬೇಕು ಎಂದು ಕಾಗದದ ಮೇಲೆ ಬರೆದರು, ಶಾಲೆಯಲ್ಲೇ ಕಲಿಸಿದರು, ಒಂದು ಡಾಲರೂ ತೆಗೆದುಕೊಳ್ಳಲಿಲ್ಲ. 1975ರಿಂದ ಅಲ್ಲಿ ಅದು ಕಾನೂನು, ಮಾತಿನ ಚಿಕಿತ್ಸೆ ಶಿಕ್ಷಣದ ಭಾಗವೆಂದೇ ಅದರಲ್ಲಿ ಬರೆದಿದೆ. ಅವರ ದುಡ್ಡು ನಮ್ಮಲ್ಲಿಲ್ಲ ಅನ್ನುತ್ತೀರಿ. ಇರಲಿ. ಬರೆದಿಡುವುದಕ್ಕೆ ದುಡ್ಡು ಬೇಕಾಗಿಲ್ಲವಲ್ಲ. ಆ ಚಿಕಿತ್ಸಕಿ ಅವನಿಗೆ ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತಿದೆ. ಮನೆಯಲ್ಲಿ ಕನ್ನಡ ಬಿಡಬೇಡಿ, ಮಗುವಿನ ಜೊತೆ ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾತಾಡಿ ಅಂದರಂತೆ. ಇಲ್ಲಿ ನಮ್ಮ ಪಟ್ಟಣಗಳಲ್ಲಿ ಮಾತು ತಡವಾದ ಮಗುವಿನ ತಾಯಿಗೆ ಶಾಲೆಯವರು ಹೇಳುವುದು ‘ಮನೇಲೂ ಇಂಗ್ಲಿಷ್ ಮಾತಾಡಿ’ ಎಂದು. ತನಗೇ ಬಾರದ ಭಾಷೆಯಲ್ಲಿ ತಾಯಿ ಮಾತಾಡಿದರೆ ಮನೆಯೇ ಮೌನವಾಗುತ್ತದೆ.

ಮಾತಿನ ದೋಷ ಯಾವುದು, ಊರಿನ ಮಾತು ಯಾವುದು ಅನ್ನುವುದನ್ನೂ ಶಿಕ್ಷಕರು ತಿಳಿದಿರಬೇಕು. ನಮ್ಮ ಸೀಮೆಯಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೋಗು’ ‘ಓಗು’ ಆಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಅದು ನಮ್ಮ ಅಜ್ಜಿಯರ ಕನ್ನಡ, ಅದಕ್ಕೆ ಚಿಕಿತ್ಸೆ ಬೇಡ. ಪಾಠದ ಕನ್ನಡವನ್ನು ಪಾಠದ ಹೊತ್ತಿನಲ್ಲಿ ಕಲಿಸಿದರಾಯಿತು. ಜೇನುಕುರುಬರ, ಎರವರ ಮಕ್ಕಳು ಮನೆಯಲ್ಲಿ ತಮ್ಮದೇ ನುಡಿ ಆಡಿ ಬಂದು ಒಂದನೇ ತರಗತಿಯಲ್ಲಿ ಸುಮ್ಮನೆ ಕೂತರೆ ಅದು ಹೊಸ ಭಾಷೆಯ ಎದುರಿನ ಮೌನ. ಬೈಲಕುಪ್ಪೆಯ ಟಿಬೆಟನ್ ಮಗುವಿನದೂ ಹಾಗೆಯೇ. ಇವರನ್ನೆಲ್ಲ ತೊಂದರೆಯ ಪಟ್ಟಿಗೆ ಸೇರಿಸುವುದು ಅನ್ಯಾಯ. ಹಾಡಿಯ ಮಗುವಿಗೆ ನಿಜವಾಗಿಯೂ ಕಿವಿ ಕೇಳಿಸದೆ ಇದ್ದಾಗ ‘ಅವರ ಭಾಷೆಯೇ ಬೇರೆ’ ಎಂದು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಮಗು ತನ್ನ ಮನೆಯವರ ಜೊತೆ, ತನ್ನ ನುಡಿಯಲ್ಲಿ ಹೇಗೆ ಮಾತಾಡುತ್ತದೆ? ಮೊದಲು ಕೇಳಬೇಕಾದ್ದು ಇದು. ವರ್ಷಕ್ಕೊಮ್ಮೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ಆ ಉತ್ತರವನ್ನು ನೀವೇ ಹೇಳಿ. ಒಂದು ಬೆಳಗಿನಲ್ಲಿ ನೂರು ಮಕ್ಕಳನ್ನು ನೋಡುವವರಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ.

ಕಿವುಡು ಮಕ್ಕಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲರೂ ಬಾಯಿಂದಲೇ ಮಾತಾಡಬೇಕೆಂಬ ಹಟ ನನಗಿಲ್ಲ. ಸಂಜ್ಞಾ ಭಾಷೆ ಪೂರ್ಣ ಭಾಷೆ. ಅದರಲ್ಲಿ ಅರಳುವ ಮಗುವಿಗೆ ಅದನ್ನೇ ಕೊಡಬೇಕು, ಕಾಯ್ದೆಯೂ ಹಾಗೇ ಹೇಳುತ್ತದೆ. ಮಗು ತನ್ನ ಮನಸ್ಸಿನದನ್ನು ಇನ್ನೊಬ್ಬರಿಗೆ ಮುಟ್ಟಿಸಬೇಕು, ನನಗೆ ಬೇಕಾದ್ದು ಅಷ್ಟೆ.

ಆ ಹುಡುಗನ ಜೊತೆ ಒಮ್ಮೆ ನಾನೂ ಮೈಸೂರಿಗೆ ಹೋದೆ. ಚಿಕಿತ್ಸಕಿ ಅವನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು ‘ಪಾ, ಪಾ’ ಅನ್ನಿಸಿದರು. ಕನ್ನಡಿಯ ಮೇಲೆ ಮಂಜು ಕಟ್ಟಿದರೆ ಉಸಿರು ಮೂಗಿನಿಂದ ಹೋಗಿದೆ ಎಂದರ್ಥ. ಮಂಜು ಕಟ್ಟದ ಹಾಗೆ ಹೇಳಬೇಕು. ಮುಕ್ಕಾಲು ಗಂಟೆಯಲ್ಲಿ ಅವನು ಎರಡು ಸಲ ಗೆದ್ದ. ಹೊರಡುವಾಗ ಅವರು ನನ್ನ ಕಡೆ ತಿರುಗಿ, “ನಾವು ವಾರಕ್ಕೆ ಒಂದೂವರೆ ಗಂಟೆ ನೋಡ್ತೀವಿ ಮೇಡಂ, ನಿಮ್ಮ ಹತ್ರ ದಿನಾ ಐದು ಗಂಟೆ ಇರ್ತಾನೆ” ಅಂದರು. ನಾನು ಮೂವತ್ತು ವರ್ಷ ಹಾಜರಾದ ಎಲ್ಲ ತರಬೇತಿಗಳಿಗಿಂತ ಆ ಒಂದು ಮಾತು ಹೆಚ್ಚು ಕಲಿಸಿತು. ಮರುದಿನ ಹಣೆಗೆ ಬೊಟ್ಟಿಡುವ ಸಣ್ಣ ಕನ್ನಡಿಗಳನ್ನು ಕೆ.ಆರ್. ನಗರದ ಪೇಟೆಯಲ್ಲಿ ಕೊಂಡೆ. ಇಡೀ ಮೂರನೇ ತರಗತಿ ‘ಪ, ಬ, ಮ’ ಹೇಳಿ ಕನ್ನಡಿ ನೋಡಿಕೊಂಡಿತು. ‘ಮ’ ಅಂದಾಗ ಎಲ್ಲರ ಕನ್ನಡಿಯಲ್ಲೂ ಮಂಜು. ಅವನೊಬ್ಬನದೇ ಅಲ್ಲ ಎಂದು ಅವತ್ತು ಅವನಿಗೂ ಗೊತ್ತಾಯಿತು, ಉಳಿದ ಮಕ್ಕಳಿಗೂ ಗೊತ್ತಾಯಿತು. ಚಿಕಿತ್ಸಕರು ಹೇಳಿಕೊಟ್ಟಿದ್ದನ್ನು ಮಾತ್ರ, ಹೇಳಿಕೊಟ್ಟ ಹಾಗೆಯೇ, ದಿನಕ್ಕೆ ಹತ್ತು ನಿಮಿಷ ಮಾಡಿಸಿದೆವು. ಚಿಕಿತ್ಸೆಯ ಹಗಲು ಅವನ ಹಾಜರಿಯಲ್ಲಿ ಗೈರು ಬೀಳದಂತೆ ಶಾಲಾ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಠರಾವು ಮಾಡಿಸಿದೆ. ಇದಕ್ಕೆ ಖರ್ಚಾದದ್ದು ಕನ್ನಡಿಯ ದುಡ್ಡು. ಶಾಲೆ ಕೊಡಬೇಕಾದ ನೆರವಿನಲ್ಲಿ ಅರ್ಧ ಹೀಗೆ ಹೊತ್ತಿನ ರೂಪದಲ್ಲಿದೆ ಅನ್ನುವುದು ನನಗೆ ಹೊಳೆದದ್ದು ಆಗ.

ಉಳಿದರ್ಧಕ್ಕೆ ಅರ್ಜಿ ಬರೆಯಬೇಕಾಯಿತು. ತಾಯಿ ಏಳನೇ ತರಗತಿ ಓದಿದವಳು. ಅವಳೇ ಬರೆದು ತಂದಿದ್ದಳು. ಒಂದು ಪುಟದ ಅರ್ಜಿಯಲ್ಲಿ ‘ದಯಮಾಡಿ’ ಆರು ಸಲ ಇತ್ತು, ‘ಬಡವರು’ ಮೂರು ಸಲ, ಕೊನೆಯಲ್ಲಿ ‘ತಮ್ಮ ಪಾದಕ್ಕೆ ಬಿದ್ದು’ ಎಂದು ಇತ್ತು. ಮಗುವಿಗೆ ಏನು ತೊಂದರೆ, ಎಷ್ಟು ದಿನ ಎಲ್ಲಿಗೆ ಹೋಗಬೇಕು ಅನ್ನುವುದು ಎಲ್ಲೂ ಇರಲಿಲ್ಲ. ಇಬ್ಬರೂ ಶಾಲೆಯ ಜಗಲಿಯಲ್ಲಿ ಕೂತು ಮತ್ತೆ ಬರೆದೆವು. ವಿಷಯ: ನನ್ನ ಮಗನ ಮಾತಿನ ಚಿಕಿತ್ಸೆಗೆ ಶಾಲೆಯಿಂದ ಒದಗಬೇಕಾದ ನೆರವು. ಮಗುವನ್ನು ಯಾವ ದಿನ ಯಾರು ಪರೀಕ್ಷಿಸಿದರು, ವರದಿಯಲ್ಲಿ ಏನಿದೆ. ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳು. ಹೋಗಿ ಬರಲು ಇಬ್ಬರಿಗೆ ಎಷ್ಟು ಖರ್ಚು. ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಮಂಜೂರಾಗಬೇಕು. ಚಿಕಿತ್ಸೆಯ ದಿನಕ್ಕೆ ಹಾಜರಿ ಸಿಗಬೇಕು. ಶಾಲೆಯಲ್ಲಿ ಅಭ್ಯಾಸ ಮಾಡಿಸುವ ಶಿಕ್ಷಕರ ಹೆಸರು ಗೊತ್ತಾಗಬೇಕು. 2016ರ ಕಾಯ್ದೆಯ 16ನೇ ಸೆಕ್ಷನ್. ಇಷ್ಟು ದಿನದೊಳಗೆ ಲಿಖಿತ ಉತ್ತರ ಬೇಕು. ಪ್ರತಿಗಳು: ಕ್ಷೇತ್ರ ಶಿಕ್ಷಣಾಧಿಕಾರಿ, ಬಿಆರ್‌ಸಿ, ಗ್ರಾಮ ಪಂಚಾಯಿತಿ. ಕೊಟ್ಟ ಕಡೆಯೆಲ್ಲ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಾ ಎಂದೆ. ‘ದಯಮಾಡಿ’ಯನ್ನೆಲ್ಲ ಹೊಡೆದು ಹಾಕಿದಾಗ ಅವಳಿಗೆ ಭಯವಾಯಿತು. “ಒಂದಾದ್ರೂ ಇರ್ಲಿ ಮಿಸ್” ಅಂದಳು. ಒಂದನ್ನು ಉಳಿಸಿದೆವು.

ಉತ್ತರ ನಾಲ್ಕು ತಿಂಗಳ ಮೇಲೆ ಬಂತು. ಭತ್ಯೆ ಬಂದದ್ದು ಕೇಳಿದ್ದರಲ್ಲಿ ಅರ್ಧ. ಪಂಚಾಯಿತಿಯವರು ಒಂದಷ್ಟು ಸೇರಿಸಿದರು. 2020ರ ಮಾರ್ಚ್‌ನಲ್ಲಿ ಎಲ್ಲವೂ ಮುಚ್ಚಿತು, ಆಮೇಲೆ ಕೆಲವು ತಿಂಗಳು ಪಾಠ ಫೋನಿನ ತೆರೆಯ ಮೇಲೆ ನಡೆಯಿತು, ನೆಟ್‌ವರ್ಕ್ ಸಿಗುವ ಗದ್ದೆಬದುವಿನಲ್ಲಿ ಕೂತು.

ನಮ್ಮ ಶಾಲೆಗಳಲ್ಲೆಲ್ಲ ದತ್ತಿ ಬಹುಮಾನಗಳಿವೆ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರಿಗೆ, ಗಣಿತದಲ್ಲಿ ನೂರಕ್ಕೆ ನೂರು ತೆಗೆದವರಿಗೆ. ಅಸಲು ಬ್ಯಾಂಕಿನಲ್ಲಿರುತ್ತದೆ, ಬಡ್ಡಿ ಪ್ರತಿವರ್ಷ ಒಂದು ಮಗುವಿನ ಕೈಗೆ ಬರುತ್ತದೆ. ಎಷ್ಟು ಒಳ್ಳೆಯ ಏರ್ಪಾಡು. ಈ ವೇದಿಕೆಯೂ ಅಂಥ ಬಡ್ಡಿಯಿಂದಲೇ ನಡೆಯುತ್ತಿದೆ. ಹಳೆಯ ವಿದ್ಯಾರ್ಥಿಗಳು ಮುಂದಿನ ಸಲ ದತ್ತಿ ಇಡುವಾಗ ಒಂದನ್ನು ಚಿಕಿತ್ಸೆಗೆ ಹೋಗುವ ಮಗುವಿನ ತಾಯಿಯ ಕೂಲಿಗೆ ಎಂದು ಬರೆದಿಡಿ. ಸರ್ಕಾರ ಕೊಡಬೇಕಾದ್ದನ್ನು ಅದಕ್ಕಾಗಿ ಬಿಟ್ಟುಕೊಡಬೇಡಿ. ಸರ್ಕಾರದ ಉತ್ತರ ಬರುವ ತನಕದ ಆ ನಾಲ್ಕು ತಿಂಗಳಿಗೆ ಅದು ಬೇಕು.

ಹುಡುಗ ಈಗ ಹತ್ತನೇ ತರಗತಿ. ‘ಪ’, ‘ಬ’ ಸ್ಪಷ್ಟ. ‘ಸ’ ಬೇಗ ಮಾತಾಡಿದಾಗ ಇನ್ನೂ ಮೂಗಿಗೆ ಜಾರುತ್ತದೆ. ಕಳೆದ ದೀಪಾವಳಿಯಲ್ಲಿ ಮನೆಗೆ ಬಂದಿದ್ದ. ಬಾಗಿಲಲ್ಲಿ ನಿಂತು ಹಿಂದೆ ತಿರುಗಿ, ಬೈಕು ನಿಲ್ಲಿಸುತ್ತಿದ್ದವರನ್ನು “ಅಪ್ಪಾ, ಬಾ” ಎಂದು ಕರೆದ. ಅವರು ಕೀಲಿ ಎತ್ತಿಕೊಳ್ಳುವುದನ್ನೂ ಮರೆತು ಬಂದರು.

ಆ ಅರ್ಜಿಯ ನಮೂನೆಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇನೆ. ಮಗುವಿನ ಹೆಸರು, ಶಾಲೆ, ವರದಿಯ ದಿನಾಂಕದ ಜಾಗ ಖಾಲಿ ಬಿಟ್ಟಿದೆ. ಬರೆಯಲು ತೊಡಕಾದವರು ಕಾರ್ಯಕ್ರಮ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತಿರಿ. ಕೊನೆಯ ಬಸ್ಸಿಗೆ ಇನ್ನೂ ಸಮಯವಿದೆ, ನಾನು ಬರೆದುಕೊಡುತ್ತೇನೆ.